ಗಾಜು ಸುಸ್ಥಿತಿಯಲ್ಲಿದೆ

ಗೋಡೇಲಿ ಬಿರುಕು ಬಿಟ್ರೆ ಈಗ ಏನ್ ಮಾಡ್ತೀರಾ ಹೇಳಿ. ಫೋಟೋ ತೆಗೆದು ಅಪಾರ್ಟ್‌ಮೆಂಟ್ ಗ್ರೂಪಿಗೆ ಹಾಕ್ತೀರಾ. ನಲವತ್ತು ಜನ ನಲವತ್ತು ಥರ ಬಯ್ತಾರೆ, ಸಾಯಂಕಾಲದೊಳಗೆ ಯಾರೋ ಒಬ್ಬರು ಬಂದು ಗೋಡೆ ತಟ್ಟಿ ನೋಡಿ ಹೋಗ್ತಾರೆ. ನಾನು ಕೆಲಸಕ್ಕೆ ಸೇರಿದಾಗ ಅದೆಲ್ಲ ಇರ್ಲಿಲ್ಲ. ನಾವು ಗಾಜು ಅಂಟಿಸ್ತಿದ್ವಿ.

ನಗಬೇಡಿ, ನಿಜವಾದ ಗಾಜೇ. ಎರಡು ಬೆರಳಗಲ, ಒಂದು ಗೇಣುದ್ದದ ತೆಳು ಪಟ್ಟಿ. ಬಿರುಕಿಗೆ ಅಡ್ಡ ಇಟ್ಟು ಎರಡೂ ತುದಿಗೆ ಒಂದೊಂದು ಉಂಡೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೆತ್ತೋದು. ಅದು ಹಸಿಯಾಗಿರೋವಾಗ್ಲೇ ಮೊಳೇಲಿ ತಾರೀಖು ಗೀಚೋದು. ಗೋಡೆ ಸುಮ್ನಿದ್ರೆ ಗಾಜು ಹಾಗೇ ಇರುತ್ತೆ. ಗೋಡೆ ಕದಲಿದ್ರೆ ಗಾಜು ಪಟ್ ಅಂತ ಒಡೆಯುತ್ತೆ. ಅಷ್ಟೇ. ಮೂರು ವರ್ಷ ಸಿವಿಲ್ ಡಿಪ್ಲೊಮಾ ಓದ್ಕೊಂಡು ಬಂದು ನಾನು ಮೊದಲು ಕಲಿತ ದೊಡ್ಡ ವಿದ್ಯೆ ಇದು.

ಎಂಬತ್ತರ ದಶಕದ ಕೊನೇ ವರ್ಷಗಳು. ನನಗೆ ಇಪ್ಪತ್ತೆರಡು. ಬಡವರಿಗೆ ಅಂತ ಕಟ್ಟಿದ ಮನೆಗಳನ್ನ ನೋಡ್ಕೊಳ್ಳೋ ಒಂದು ಆಫೀಸಲ್ಲಿ ವರ್ಕ್ ಇನ್ಸ್‌ಪೆಕ್ಟರ್. ಯಾವ ಆಫೀಸು ಅಂತ ಬರೆಯಲ್ಲ, ಕಾಮೆಂಟಲ್ಲಿ ಕೇಳಬೇಡಿ. ಕಾಲೋನಿ ಇದ್ದಿದ್ದು ಜೆ.ಪಿ. ನಗರ ಮುಗಿದು ಕೋಣನಕುಂಟೆ ಕಡೆ ರಾಗಿ ಹೊಲ ಶುರುವಾಗೋ ಜಾಗದಲ್ಲಿ. ಒಂದು ಬ್ಲಾಕಿಗೆ ಎಂಟು ಮನೆ, ಕೆಳಗೆ ನಾಲ್ಕು, ಮೇಲೆ ನಾಲ್ಕು. ಪ್ರತಿ ಮನೆಗೂ ಒಂದು ರೂಮು, ಒಂದು ಅಡುಗೆಮನೆ, ಒಬ್ಬರು ನಿಂತ್ಕೊಂಡ್ರೆ ಬಾಗಿಲು ಹಾಕೋಕಾಗದ ಬಚ್ಚಲು. ಎಪ್ಪತ್ತರ ದಶಕದಲ್ಲಿ ಕಟ್ಟಿದ್ದು. ಹತ್ತು ಹನ್ನೆರಡು ವರ್ಷಕ್ಕೇ ಮುದಿಯಾಗಿ ಕೂತಿದ್ವು.

ನನ್ನ ಕೆಲಸ ಏನಪ್ಪ ಅಂದ್ರೆ ಬೆಳಗ್ಗೆ ಹೋಗಿ ಕಂಪ್ಲೇಂಟ್ ಪುಸ್ತಕ ತೆಗೆಯೋದು. ನೀರಿನ ಮೋಟ್ರು ಸುಟ್ಟಿದೆ, ಚರಂಡಿ ಕಟ್ಟಿದೆ, ತಾರಸಿ ಸೋರ್ತಿದೆ, ಪಕ್ಕದ ಮನೆಯವಳು ನಮ್ಮ ಕೊಳಾಯಿ ಮುರಿದ್ಲು. ಸಣ್ಣ ರಿಪೇರಿ ಆದ್ರೆ ಮೇಸ್ತ್ರಿ ಮತ್ತು ಅರ್ಧ ಮೂಟೆ ಸಿಮೆಂಟು. ದೊಡ್ಡ ಕೆಲಸ ಆದ್ರೆ, ಅಂದ್ರೆ ಹೊಸ ಪೈಪ್‌ಲೈನು, ಹೊಸ ಟ್ಯಾಂಕು, ಗೋಡೆ ಕೆಡವಿ ಕಟ್ಟೋದು ಇಂಥದ್ದಾದ್ರೆ ಎಸ್ಟಿಮೇಟ್ ಬರೆದು ಹೆಡ್ ಆಫೀಸಿಗೆ ಕಳಿಸ್ಬೇಕು. ಅಲ್ಲಿಂದ ಅದು ಒಂದು ಪ್ರಶ್ನೆ ಹೊತ್ಕೊಂಡು ವಾಪಸ್ ಬರುತ್ತೆ. ಹಳೇದಾಗಿದೆ ಅನ್ನೋದು ಅವರಿಗೆ ಕಾರಣ ಅಲ್ಲ. ಅವರಿಗೆ ಆಧಾರ ಬೇಕು.

ಕೊನೇ ಬ್ಲಾಕು ಕೆರೆ ಅಂಚಿನ ಮಣ್ಣು ತುಂಬಿದ ಜಾಗದಲ್ಲಿತ್ತು. ಅದರ ಹಿಂದಿನ ಗೋಡೆ ಪಕ್ಕದಲ್ಲೇ ಒಳಚರಂಡಿ ಪೈಪು. ಆ ಪೈಪು ಎಲ್ಲೋ ಒಡೆದು ವರ್ಷಗಟ್ಟಲೆ ಬುನಾದಿ ಕೆಳಗೆ ಹರಿದು ಮಣ್ಣು ತಿಂತಾ ಇತ್ತು. ವಾಸನೆ ಬರ್ತಿತ್ತು, ಕಣ್ಣಿಗೆ ಕಾಣ್ತಿರ್ಲಿಲ್ಲ. ಹಿಂದಿನ ಮೂಲೇಲಿ ಬಿರುಕು ಬಿಟ್ಟಿತ್ತು. ಕೆಳಗಿನ ಮನೇಲಿ ಕೂದಲೆಳೆಯಷ್ಟು, ಮೇಲಿನ ಮನೇಲಿ ಬೆರಳು ತುದಿ ತೂರೋಷ್ಟು. ನಮ್ಮ ಎಇ ಸಾರ್, ಅಂದ್ರೆ ಅಸಿಸ್ಟೆಂಟ್ ಇಂಜಿನಿಯರು, ಒಳ್ಳೇ ಮನುಷ್ಯ, ಎರಡು ಸಲ ಎಸ್ಟಿಮೇಟ್ ಕಳಿಸಿದ್ರು. ಎರಡು ಸಲವೂ ಅದೇ ಪ್ರಶ್ನೆ: ಕಟ್ಟಡ ಕದಲುತ್ತಿದೆ ಎನ್ನುವುದಕ್ಕೆ ಆಧಾರವೇನು.

"ಹೋಗಿ ಗಾಜು ಅಂಟಿಸು," ಅಂದ್ರು ನನಗೆ. "ಒಡೆದ ದಿನ ಬಂದು ಹೇಳು. ಆ ಪಟ್ಟೀನ ಲಕೋಟೇಲಿ ಹಾಕಿ ಕಳಿಸ್ತೀನಿ ಅವರಿಗೆ."

"ಸಾರ್, ನೋಡಿದ್ರೇ ಗೊತ್ತಾಗುತ್ತಲ್ಲ, ಗೋಡೆ ಹೊಟ್ಟೆ ಬಿಟ್ಟಿದೆ."

"ನಿನ್ ಮಾತು ಯಾರಿಗ್ ಬೇಕಯ್ಯಾ? ಗಾಜು ಹೇಳುತ್ತೆ. ನೀನು ಬಾಯ್ ಮುಚ್ಕೊಂಡಿರು."

ಗಾಜು ಅಂಟಿಸಿದ್ದು ಕೆಳಗಿನ ಮೂಲೆ ಮನೆ ಅಡುಗೆಮನೇಲಿ. ಬಿರುಕು ಶುರುವಾಗೋ ಜಾಗದಲ್ಲಿ ಅಂಟಿಸ್ಬೇಕು ಅಂತ ರೂಢಿ. ಆ ಮನೇಲಿ ಒಬ್ಬ ಅಕ್ಕ ಇದ್ರು, ನನಗಿಂತ ಹದಿನೈದು ವರ್ಷ ದೊಡ್ಡವರಿರಬಹುದು. ಗಂಡ ಸತ್ತು ಒಂದು ವರ್ಷದ ಮೇಲಾಗಿತ್ತು. ಏಳನೇ ಕ್ಲಾಸಿನ ಮಗಳು. ಅಕ್ಕ ಊದುಬತ್ತಿ ಹೊಸೆಯೋರು. ಮುಂದೆ ಒಂದು ಮಣೆ, ಪಕ್ಕದಲ್ಲಿ ಕರೀ ಮಸಾಲೆ ಮುದ್ದೆ, ಇನ್ನೊಂದು ಪಕ್ಕ ಬಿದಿರು ಕಡ್ಡಿ ಕಟ್ಟು. ಅಂಗೈಯಲ್ಲಿ ಒಂದು ಸಲ ಉರುಳಿಸಿದ್ರೆ ಒಂದು ಬತ್ತಿ. ಮಾತಾಡ್ತಾನೇ ಸಾವಿರ ಮಾಡ್ತಿದ್ರು. ಬೆರಳು ಮಾತ್ರ ಯಾವಾಗ್ಲೂ ಕಪ್ಪು, ಉಗುರು ಸಂದೀಲಿ ಸೋಪಿಗೂ ಬಗ್ಗದ ಕಪ್ಪು.

ನಾನು ಮೆತ್ತೋದನ್ನ ಅವರು ಬತ್ತಿ ಹೊಸೀತಾನೇ ನೋಡ್ತಿದ್ರು.

"ಇದ್ಯಾಕೆ ಸಾರ್, ದೃಷ್ಟಿಗಾ?"

"ಗೋಡೆಗೆ ಥರ್ಮಾಮೀಟರ್ ಅಕ್ಕ ಇದು."

"ಒಡೆದ್ರೆ?"

ಹೊಸ ಕೆಲಸ, ಹೊಸ ಶರ್ಟು, ಜೇಬಲ್ಲಿ ಪೆನ್ನು. ಗೊತ್ತಿರೋದನ್ನೆಲ್ಲ ಹೇಳಿದೆ. ಒಡೆದ್ರೆ ಆ ಮೂಲೆಯ ಮೇಲಿನ ಮನೆ, ಕೆಳಗಿನ ಮನೆ ಎರಡಕ್ಕೂ ನೋಟೀಸು ಬರುತ್ತೆ, ವಾರದಲ್ಲಿ ಖಾಲಿ ಮಾಡ್ಬೇಕು. ಪೈಪು ಬದಲಾಯಿಸಿ ಗೋಡೆ ಹೊಸದಾಗಿ ಕಟ್ತಾರೆ. ಅಲಾಟ್‌ಮೆಂಟ್ ಕಾರ್ಡಲ್ಲಿ ಯಾರ ಹೆಸರಿದೆಯೋ ಅವರಿಗೆ ಬನಶಂಕರಿ ಕಡೆ ಹೊಸ ಕಾಲೋನೀಲಿ ಬದಲಿ ಮನೆ ಕೊಡ್ತಾರೆ.

ಅಕ್ಕನ ಕೈ ನಿಂತಿತು. "ಕಾರ್ಡಲ್ಲಿ ಹೆಸರಿರೋರಿಗೆ ಮಾತ್ರಾನಾ?"

"ಹೂಂ ಅಕ್ಕ, ರೂಲ್ಸು."

"ಯಜಮಾನರ ಹೆಸರಲ್ಲಿದೆ."

"ನಿಮ್ಮ ಹೆಸರಿಗೆ ಬದಲಾಯ್ಸಿಕೊಳ್ಳಿ ಮತ್ತೆ. ಡೆತ್ ಸರ್ಟಿಫಿಕೇಟ್ ಕೊಟ್ರಾಯ್ತು."

ಅವರು ನಕ್ಕರು. ಆ ನಗು ನನಗೆ ಆವತ್ತು ಅರ್ಥ ಆಗ್ಲಿಲ್ಲ. ಆಮೇಲೆ ಗೊತ್ತಾಯ್ತು, ಗಂಡ ಸತ್ತಿದ್ದು ಊರಲ್ಲಿ, ಅವನ ತಮ್ಮನ ಹೊಲದಲ್ಲಿ. ಅಲ್ಲೇ ಮಣ್ಣು ಮಾಡಿದ್ರು. ಸಾವನ್ನ ಯಾರೂ ಹೋಗಿ ಬರೆಸಿರ್ಲಿಲ್ಲ. ವರ್ಷ ಕಳೆದ ಮೇಲೆ ಬರೆಸ್ಬೇಕಾದ್ರೆ ತಾಲ್ಲೂಕು ಕಚೇರಿ, ಅಲ್ಲಿಂದ ಮ್ಯಾಜಿಸ್ಟ್ರೇಟು, ಇಬ್ಬರು ಸಾಕ್ಷಿ, ಆಮೇಲೆ ನಮ್ಮ ಆಫೀಸು. ಆ ಅಕ್ಕ ತಿಂಗಳಿಗೆ ಎರಡು ಸಲ ಬಸ್ಸು ಹತ್ತಿ ಹೋಗಿ ಬರ್ತಿದ್ರು. ಅದು ಮುಗಿಯೋದ್ರೊಳಗೆ ಮನೆ ಖಾಲಿ ಮಾಡಿಸಿದ್ರೆ ಕಾಗದದ ಪ್ರಕಾರ ಆ ಮನೇಲಿ ಇದ್ದಿದ್ದು ಒಬ್ಬ ಗಂಡಸು, ಅವನು ಸತ್ತಿಲ್ಲ, ಬಂದೂ ಇಲ್ಲ. ಅವನ ಹೆಂಡ್ತಿ ಮಗಳು ಬೀದಿಗೆ.

ಒಂದು ತಿಂಗಳಾಯ್ತು. ಗಾಜು ಹಾಗೇ ಇತ್ತು. ತಿಂಗಳ ಕೊನೆಗೆ ಒಂದು ಪಟ್ಟಿ ತುಂಬಿ ಕೊಡ್ಬೇಕಿತ್ತು, ಅದರಲ್ಲಿ ಒಂದು ಕಾಲಂ. ಬರೆದೆ: ಗಾಜು ಸುಸ್ಥಿತಿಯಲ್ಲಿದೆ. ಎರಡನೇ ತಿಂಗಳು, ಸುಸ್ಥಿತಿ. ಮೂರನೇ ತಿಂಗಳು ಎಇ ಸಾರ್‌ಗೆ ಸಿಟ್ಟು ಬಂತು.

"ಏನಯ್ಯಾ, ನೀನ್ ಅಂಟಿಸಿದ್ದು ಗಾಜಾ ಕಬ್ಬಿಣಾನಾ? ಒಡೆಯೋದೇ ಇಲ್ವಲ್ಲ."

"ಗೋಡೆ ನಿಂತ್ಕೊಂಡ್ಬಿಟ್ಟಿದ್ಯೇನೋ ಸಾರ್."

"ಸರಿ ಬಿಡು, ನಿಂತ್ರೆ ಒಳ್ಳೇದೇ," ಅಂದ್ರು. ಫೈಲು ಬೀರುವೊಳಗೆ ಹೋಯ್ತು.

ಅಕ್ಕನ ಮನೆ ಮೇಲೆ ಒಬ್ಬ ತಾತ. ಮಿಲ್ಲಲ್ಲಿ ಕೆಲಸ ಮಾಡಿ ರಿಟೈರಾದೋರು, ಒಂಟಿ. ಮಂಡಿ ನೋವು, ಮೆಟ್ಟಿಲು ಇಳಿಯೋಕಾಗ್ತಿರ್ಲಿಲ್ಲ. ಅದಕ್ಕೆ ಅಡುಗೆಮನೆ ಕಿಟಕಿಯಿಂದ ಹಗ್ಗ ಕಟ್ಟಿದ ಒಂದು ಬಟ್ಟೆ ಚೀಲ ಕೆಳಗೆ ಬಿಡ್ತಿದ್ರು. ಬೆಳಗ್ಗೆ ಆರಕ್ಕೆ ಅಕ್ಕ ಬೂತಿಂದ ಹಾಲು ತಂದು, ಅವರದ್ದು ಒಂದು ಪ್ಯಾಕೆಟ್ ಆ ಚೀಲದಲ್ಲಿ ಹಾಕಿ ಹಗ್ಗ ಎರಡು ಸಲ ಜಗ್ಗೋದು, ತಾತ ಎಳ್ಕೊಳ್ಳೋದು. ಸಾಯಂಕಾಲ ಅದೇ ಚೀಲದಲ್ಲಿ ಅಕ್ಕನ ಮಗಳಿಗೆ ಬಿಸ್ಕತ್ತು ಇಳೀತಿತ್ತು. ಕಿಟಕೀಲಿ ಬಗ್ಗಿ ತಾತ ಇಡೀ ಬ್ಲಾಕಿಗೆ ಕೇಳೋ ಹಾಗೆ ಮಾತಾಡೋರು. ಮಿಲ್ಲಿನ ಸದ್ದಲ್ಲಿ ಮೂವತ್ತು ವರ್ಷ ಇದ್ದೋರು, ಮೆಲ್ಲಗೆ ಮಾತಾಡೋದು ಮರೆತೇ ಹೋಗಿತ್ತು.

ಅವರ ಮನೇಲಿ ಬಿರುಕು ಇದ್ದ ಜಾಗಕ್ಕೆ ಒಂದು ದೊಡ್ಡ ಕ್ಯಾಲೆಂಡರ್ ನೇತಾಡ್ತಿತ್ತು. ಅದೂ ಹೋದ ವರ್ಷದ್ದು.

"ಏನ್ ತಾತ, ತಾರೀಖು ಬದಲಾಗಿದೆ, ಕ್ಯಾಲೆಂಡರ್ ಬದಲಾಗಿಲ್ಲ?"

"ಲಕ್ಷ್ಮಿ ಚೆನ್ನಾಗವ್ಳೆ ಕಣಪ್ಪ, ತೆಗೆಯೋಕೆ ಮನಸು ಬರಲ್ಲ. ಅದಿರ್ಲಿ, ಕೆಳಗಡೆ ನಿನ್ ಗಾಜು ಹೆಂಗೈತೆ?"

"ಹಾಗೇ ಇದೆ ತಾತ."

"ಮತ್ತೆ ನನಗೇನು ಭಯ? ಗಾಜು ಗಟ್ಟಿ ಇರೋಗಂಟ ನಾನೂ ಗಟ್ಟಿ."

ಪ್ರತಿ ಸಲ ಇದೇ ಕೇಳೋರು. ಕೆಳಗೆ ಒಂದು ಗಾಜು ಕಾವಲಿದೆ ಅಂತ ಆ ಮನುಷ್ಯ ನೆಮ್ಮದಿಯಾಗಿ ನಿದ್ದೆ ಮಾಡ್ತಿದ್ರು.

ನಾಲ್ಕನೇ ತಿಂಗಳು. ಅಕ್ಕನ ಬಚ್ಚಲಲ್ಲಿ ಕೊಳಾಯಿ ಸೋರ್ತಿತ್ತು, ಮೇಸ್ತ್ರಿ ಜೊತೆ ಹೋಗಿದ್ದೆ. ಮೇಸ್ತ್ರಿ ಬಚ್ಚಲಲ್ಲಿ ಕೂತ. ನಾನು ಸುಮ್ನೆ ಅಡುಗೆಮನೆಗೆ ಹೋಗಿ ಗಾಜಿನ ಮುಂದೆ ನಿಂತೆ. ಮಧ್ಯಾಹ್ನದ ಬಿಸಿಲು ಕಿಟಕೀಲಿ ಓರೆಯಾಗಿ ಬಿದ್ದಿತ್ತು. ಪಟ್ಟಿಯ ಎಡಗಡೆ ಪ್ಲಾಸ್ಟರ್ ಉಂಡೆ ಮೇಲೆ ಒಂದು ಹೆಬ್ಬೆರಳ ಗುರುತು. ಕಪ್ಪು. ಒಳಗೇ ಒಣಗಿದ್ದು. ಹಸಿ ಪ್ಲಾಸ್ಟರ್ ಒತ್ತಿದ ಬೆರಳದು.

ನಾನು ಅಂಟಿಸಿದಾಗ ನನ್ನ ಬೆರಳಲ್ಲಿ ಮಸಾಲೆ ಇರ್ಲಿಲ್ಲ.

ತಾರೀಖು ನೋಡಿದೆ. ನನ್ನದೇ ತಾರೀಖು, ನನ್ನದೇ ಅಕ್ಷರ. ನಾನು ಏಳು ಬರೆಯೋವಾಗ ಬಾಲ ಉದ್ದ ಎಳೀತೀನಿ, ಆ ಬಾಲಾನೂ ಇತ್ತು. ಗಾಜು ಮಾತ್ರ ನಾನು ತಂದಿದ್ದಕ್ಕಿಂತ ಒಂಚೂರು ದಪ್ಪ. ಹಾಗೇ ತಿರುಗಿ ರೂಮ್ ಕಡೆ ನೋಡಿದೆ. ಗೋಡೆ ಮೇಲೆ ಗಂಡನ ಫೋಟೋ, ಹಾರ ಹಾಕಿದ್ದು. ಕಟ್ಟು ಇದೆ, ಗಾಜಿಲ್ಲ. ದಿನಾ ಹಚ್ಚೋ ಊದುಬತ್ತಿ ಹೊಗೆ ನೇರ ಕಾಗದಕ್ಕೇ ಬಡಿದು ಆ ಮನುಷ್ಯನ ಮುಖ ಅರ್ಧ ಹಳದಿಯಾಗಿತ್ತು.

ಅಕ್ಕ ಮಣೆ ಮುಂದೆ ಕೂತಿದ್ರು. ನಾನು ನೋಡಿದ್ದನ್ನ ಅವರೂ ನೋಡಿದ್ರು. ಕೈ ನಿಲ್ಲಿಸ್ಲಿಲ್ಲ.

"ಎಷ್ಟು ಸಲ ಅಕ್ಕ?" ಬಚ್ಚಲಲ್ಲಿದ್ದ ಮೇಸ್ತ್ರಿಗೆ ಕೇಳಿಸದ ಹಾಗೆ ಕೇಳಿದೆ.

"ಮೂರು."

"ಮೂರಾ?"

"ಫೋಟೋ ಅಂಗಡಿಯವನ ಹತ್ರ ಐದು ಪಟ್ಟಿ ಕತ್ತರಿಸಿಕೊಂಡು ಬಂದಿದ್ದೆ. ಇನ್ನೆರಡವೆ." ಸಾಸಿವೆ ಎಷ್ಟಿದೆ ಅಂತ ಕೇಳಿದ್ರೆ ಹೇಳೋ ಹಾಗೆ ಹೇಳಿದ್ರು. "ಆ ಬಿಳೀ ಪುಡಿ ಹಾರ್ಡ್‌ವೇರ್ ಅಂಗಡೀಲಿ ಕೊಡ್ತಾನೆ. ಬರೆಯೋದು ಕಷ್ಟ ಆಯ್ತು, ಮೊದಲ ಸಲ ಮಗಳ ಹಳೇ ಸ್ಲೇಟಲ್ಲಿ ಕಲಿತೆ."

ನಾಲ್ಕು ತಿಂಗಳಲ್ಲಿ ಮೂರು ಸಲ. ಓದಿದ್ದೆಲ್ಲ ಮರೆತು ಹೋಗಿರೋ ಇಂಜಿನಿಯರಿಗೂ ಅದರ ಅರ್ಥ ಗೊತ್ತಾಗುತ್ತೆ. ಗೋಡೆ ನಿಂತಿಲ್ಲ. ನಡೀತಾ ಇದೆ.

"ಅಕ್ಕ, ಇದು ಬೀಳುತ್ತೆ. ನಿಮ್ಮ ಮೇಲೇ ಬೀಳುತ್ತೆ."

"ನಾನೂ ಮಗಳೂ ಮುಂದಿನ ರೂಮಲ್ಲೇ ಮಲಗೋದು. ಅಡುಗೇನೂ ಬಾಗಿಲ ಹತ್ರ ಸ್ಟವ್ ಇಟ್ಕೊಂಡು ಮಾಡ್ತೀನಿ. ಮ್ಯಾಜಿಸ್ಟ್ರೇಟ್ ಸಹಿ ಆಗೋಯ್ತು ಸಾರ್. ನಿಮ್ಮ ಆಫೀಸಿಂದ ಹೆಸರು ಬದಲಾಗೋದು ಒಂದೇ ಬಾಕಿ. ಒಂದು ತಿಂಗಳು. ಒಂದೇ ತಿಂಗಳು ನೀವು ನೋಡ್ಲಿಲ್ಲ ಅಂದ್ಕೊಳಿ."

ಮೇಲಿನ ತಾತನ ಮಾತನ್ನ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಇದನ್ನ ಬರೆಯೋಕೆ ನಂಗೆ ಇಷ್ಟು ವರ್ಷ ಹಿಡೀತು, ಅದಕ್ಕೆ ಸುತ್ತಿ ಬಳಸದೆ ಹೇಳ್ತೀನಿ. ನಮ್ಮಿಬ್ಬರಿಗೂ ನೆನಪಿತ್ತು. ಮರೆತಿರ್ಲಿಲ್ಲ.

ನನಗೆ ಕರುಣೆ ಉಕ್ಕಿ ಹರೀತು ಅಂತ ತಿಳ್ಕೋಬೇಡಿ. ಸ್ವಲ್ಪ ಇತ್ತು. ಹೆಚ್ಚಿಗೆ ಇದ್ದಿದ್ದು ಭಯ. ಮೂರು ತಿಂಗಳು ಸುಸ್ಥಿತಿ ಅಂತ ಸಹಿ ಹಾಕಿದ್ದೆ. ಈಗ ಹೋಗಿ ಗಾಜು ನಮ್ಮದಲ್ಲ ಸಾರ್, ಫೋಟೋದ್ದು ಅಂದ್ರೆ, ನೀನೇನು ಕುರುಡನಾ ಅಂತ ಕೇಳ್ತಾರೆ. ಪ್ರೊಬೇಷನ್ನು ಇನ್ನೂ ಮುಗಿದಿರ್ಲಿಲ್ಲ. ಮೇಸ್ತ್ರಿ ಕೈ ಒರೆಸ್ಕೊಂಡು ಹೊರಗೆ ಬಂದ. ನಾನು ಪ್ಲಾಸ್ಟರ್ ಮೇಲಿನ ಹೆಬ್ಬೆರಳ ಗುರುತನ್ನ ಕೀಲಿಕೈಯಿಂದ ಕೆರೆದು ತೆಗೆದು, ಅವನ ಜೊತೆ ಹೊರಟೆ.

ಕಿಟಕಿಯಿಂದ ತಾತ ಕೂಗಿದ್ರು. "ಏನಪ್ಪಾ ಇಂಜಿನಿಯರೇ, ಗಾಜು ಹೆಂಗೈತೆ?"

"ಹಾಗೇ ಇದೆ ತಾತ."

ಅದಕ್ಕೆ ಮುಂಚೆ ಹೇಳಿದ್ದೆಲ್ಲ ನಂಗೆ ಗೊತ್ತಿಲ್ಲದ ಸುಳ್ಳು. ಇದು ಗೊತ್ತಿದ್ದು ಹೇಳಿದ್ದು.

ಆ ತಿಂಗಳ ಕೊನೆಗೆ ಮತ್ತೆ ಬರೆದೆ, ಸುಸ್ಥಿತಿ. ನಾಲ್ಕನೇ ಪಟ್ಟಿ ಒಡೆಯಿತು, ಐದನೇದು ಅಂಟಿತು. ಅದಕ್ಕೆ ಪ್ಲಾಸ್ಟರ್ ಕಲಸಿ ಕೊಟ್ಟಿದ್ದು ನಾನೇ. ಅಕ್ಕ ಕಲಸಿದ್ರೆ ಉಂಡೆ ಗಟ್ಟಿಯಾಗಿ ಎದ್ದು ಕಾಣುತ್ತೆ ಅಂತ ನಾನೇ ಕಲಸಿದೆ. ತಾರೀಖೂ ನಾನೇ ಗೀಚಿದೆ, ಹಳೇ ತಾರೀಖು.

ಹೆಸರು ಬದಲಾವಣೆ ಕಾಗದ ಒಂದು ಸೋಮವಾರ ಬಂತು. ನಮ್ಮ ಆಫೀಸಲ್ಲೇ ಟೈಪಾಗಿದ್ದು, ನಾನೇ ತಗೊಂಡು ಹೋಗಿ ಕೊಟ್ಟೆ. ಅಕ್ಕ ಕೈ ತೊಳ್ಕೊಂಡು ಬಂದು ತಗೊಂಡ್ರು. ತೊಳೆದ್ರೂ ಕಾಗದದ ಅಂಚಿಗೆ ಕಪ್ಪು ಹತ್ತಿತು. ತಮ್ಮ ಹೆಸರನ್ನ ಬೆರಳಿಟ್ಟು ಓದಿದ್ರು. ಬೆಲ್ಲದ ಕಾಫಿ ಕೊಟ್ರು. ಕುಡೀತಾ ಇದ್ದೆ, ಒಳಗೆ ಹೋಗಿ ಗುಂಡುಕಲ್ಲು ತಂದ್ರು, ಚಟ್ನಿ ಅರೆಯೋದು.

"ಈಗ ಒಡೆದು ಬಿಡ್ಲಾ ಸಾರ್? ನೀವು ಇಲ್ಲೇ ಇದ್ದೀರಿ. ಬರ್ಕೊಂಡು ಹೋಗಿ."

ನಾನು ಕಾಫಿ ಲೋಟ ಕೆಳಗಿಟ್ಟೆ.

"ಬೇಡ ಅಕ್ಕ. ಕೈಯಲ್ಲಿ ಒಡೆದ್ರೆ ಗೊತ್ತಾಗುತ್ತೆ. ಕಲ್ಲಿನ ಪೆಟ್ಟು ಬಿದ್ದ ಕಡೆ ನಕ್ಷತ್ರದ ಥರ ಸೀಳುತ್ತೆ. ಗೋಡೆ ಎಳೆದು ಒಡೆದ್ರೆ ನೀಟಾಗಿ ಒಂದೇ ಗೆರೆ. ಎಇ ಸಾರ್ ಮೂವತ್ತು ವರ್ಷ ಸರ್ವಿಸಿನ ಆಸಾಮಿ. ಪಟ್ಟೀನ ಲಕೋಟೇಲಿ ಹಾಕಿ ಕಳಿಸ್ತಾರೆ ಬೇರೆ. ತಾನಾಗೇ ಒಡೀಲಿ. ಇಷ್ಟು ದಿನ ಒಡೆದಿಲ್ವಾ, ಒಂದು ಮಳೆ ಬಿದ್ರೆ ಸಾಕು."

"ತಾನಾಗೇ?"

"ತಾನಾಗೇ."

ಅವರು ಕಲ್ಲನ್ನ ವಾಪಸ್ ಒಳಕಲ್ಲಲ್ಲಿ ಇಟ್ಟು ಬಂದ್ರು.

ನೋಡಿ, ಗೋಡೆ ಬೀಳುತ್ತೆ ಅಂತ ನಂಗೆ ಗೊತ್ತಿತ್ತು. ಆಕೆಗೂ ಗೊತ್ತಿತ್ತು. ಕಾಗದ ಕೈಗೆ ಬಂದಾಗಿತ್ತು, ಕಾಯೋಕೆ ಒಂದು ಕಾರಣಾನೂ ಉಳಿದಿರ್ಲಿಲ್ಲ. ಆದ್ರೂ ಗಾಜು ಒಡೆಯೋದನ್ನ ಕಾದ್ವಿ. ಗಾಜು ಹೇಳದೆ ನಾನು ಹೇಳೋ ಹಾಗಿಲ್ಲ, ಅದು ನಮ್ಮ ಆಫೀಸಿನ ಪದ್ಧತಿ. ನನ್ನ ಕಣ್ಣು, ಮೂಲೆಯಲ್ಲಿ ಹೊಟ್ಟೆ ಬಿಟ್ಟ ಗೋಡೆ, ಮೇಲಿನ ಮನೆಯಲ್ಲಿ ಕ್ಯಾಲೆಂಡರ್ ಹಿಂದೆ ಕಾಣೋ ಬೆಳಕು, ಇದ್ಯಾವುದೂ ಆಧಾರ ಅಲ್ಲ. ನಾನೇ ಕಲಸಿ ಅಂಟಿಸಿದ ಕಳ್ಳ ಗಾಜು ಆಧಾರ.

ದಿನಾ ಬೆಳಗ್ಗೆ ಆ ಮನೆಗೆ ಹೋಗಿ ಇಣುಕ್ತಿದ್ದೆ. ಅಕ್ಕ ತಲೆ ಆಡಿಸೋರು, ಇಲ್ಲ ಅಂತ. ಮಂಗಳವಾರ ಇಲ್ಲ. ಬುಧವಾರ ಇಲ್ಲ. ಆಕಾಶ ನೋಡಿದ್ರೆ ಒಂದು ತುಂಡು ಮೋಡ ಇಲ್ಲ. ಒಂದು ದಿನ ಅಕ್ಕ ಅಂದ್ರು, "ಬೇಡ ಅಂದಾಗ ತಿಂಗಳಿಗೊಂದು ಒಡೆಯೋದು. ಈಗ ನೋಡಿ, ಹೆಂಗೆ ಕೂತಿದೆ ಮುಂಡೇದು."

ಇಬ್ಬರೂ ನಕ್ಕಿದ್ದೀವಿ. ಅದೂ ನೆನಪಿದೆ.

ಎಂಟನೇ ದಿನ ಬೆಳಗ್ಗೆ ಬಿತ್ತು. ಮಳೆ ಇಲ್ಲ, ಗಾಳಿ ಇಲ್ಲ. ಕೆಳಗಿನ ಗೋಡೆ ಬೀಳ್ಲಿಲ್ಲ, ಬಾಗಿ ನಿಂತಿತು ಅಷ್ಟೇ. ಮೇಲಿನ ಮೂಲೆ ಹೋಯ್ತು. ತಾತನ ಅಡುಗೆಮನೆಯ ಹಿಂದಿನ ಗೋಡೆ, ಕಿಟಕಿ ಸಮೇತ, ಕಡಪಾ ಕಲ್ಲಿನ ಕಟ್ಟೆ ಸಮೇತ. ಆರು ಗಂಟೆ ಹೊತ್ತು. ಅವರು ಚೀಲ ಕೆಳಗೆ ಬಿಡೋಕೆ ಕಿಟಕಿಗೆ ಒರಗಿ ಬಗ್ಗಿದ್ರು.

ಅಕ್ಕ ಆ ಹೊತ್ತಿಗೆ ಸರಿಯಾಗಿ ಆ ಕಿಟಕಿ ಕೆಳಗೆ ನಿಂತಿರ್ಬೇಕಿತ್ತು. ಆವತ್ತು ಹಾಲಿನ ವ್ಯಾನು ಲೇಟು, ಬೂತಲ್ಲಿ ಕ್ಯೂ. ಅವರು ಮೂಲೆ ತಿರುಗಿದಾಗ ಧೂಳು ಇನ್ನೂ ಇಳಿದಿರ್ಲಿಲ್ವಂತೆ. ನಾನು ಎಂಟಕ್ಕೆ ಹೋದಾಗ್ಲೂ ಎರಡು ಪ್ಯಾಕೆಟ್ ಹಾಲು ಎದೆಗೆ ಒತ್ಕೊಂಡೇ ನಿಂತಿದ್ರು. ಯಾರೋ ಈಸ್ಕೊಳ್ಳೋಕೆ ಹೋದ್ರೆ ಕೊಡ್ಲಿಲ್ಲ. ತಾತನ್ನ ಆಗ್ಲೇ ಎತ್ತಿ ಗೋಣಿತಟ್ಟು ಹೊದಿಸಿದ್ರು. ಹಗ್ಗ ಇನ್ನೂ ಮಣಿಕಟ್ಟಿಗೆ ಸುತ್ತಿತ್ತು. ಹಾಗೆ ಸುತ್ಕೊಳ್ಳೋದು ಅವರ ಅಭ್ಯಾಸ, ಚೀಲ ಕೈ ಜಾರಬಾರದು ಅಂತ.

ಎಇ ಸಾರ್ ಬಂದ್ರು. ಮೊದಲು ಹೋಗಿದ್ದು ಅಕ್ಕನ ಅಡುಗೆಮನೆಗೆ. ನಾನು ಹಿಂದೆ ಹೋದೆ. ಗಾಜು ಒಡೆದಿತ್ತು. ನೀಟಾಗಿ, ಒಂದೇ ಗೆರೆ.

ಅವರು ತುಂಬಾ ಹೊತ್ತು ನೋಡಿದ್ರು. ತಾರೀಖು ಓದಿದ್ರು. ಒಂದು ತುಂಡನ್ನ ಉಗುರಲ್ಲಿ ಎಬ್ಬಿಸಿ ದಪ್ಪ ನೋಡಿದ್ರು. ಬಾಗಿಲಾಚೆ ಗೋಡೆ ಮೇಲಿದ್ದ ಫೋಟೋ ಕಡೆ ಅವರ ಕಣ್ಣು ಹೋಯ್ತಾ ಇಲ್ವಾ ಅಂತ ನಂಗೆ ಇವತ್ತಿಗೂ ಖಾತ್ರಿ ಇಲ್ಲ.

"ನಿನ್ನೆ ಹೇಗಿತ್ತು?" ಅಂದ್ರು.

"ಇಡಿಯಾಗಿತ್ತು ಸಾರ್."

"ನಿನ್ನೆ ಬಂದು ನೋಡಿದ್ಯಾ?"

"ದಿನಾ ನೋಡ್ತಿದ್ದೆ ಸಾರ್."

"ದಿನಾ ಯಾಕೆ ನೋಡ್ತಿದ್ದೆ?"

ಅವರು ಮತ್ತೆ ಕೇಳ್ಲಿಲ್ಲ. ಆ ತುಂಡನ್ನ ಕರ್ಚೀಫಲ್ಲಿ ಸುತ್ತಿ ಜೇಬಿಗೆ ಹಾಕ್ಕೊಂಡ್ರು.

ವಿಚಾರಣೆ ಆಯ್ತು. ಮೂರು ಜನ ದೊಡ್ಡವರು, ಒಂದು ಉದ್ದ ಮೇಜು. ನಾನು ತುಂಬಿದ್ದ ತಿಂಗಳ ಪಟ್ಟಿಗಳು ಮೇಜಿನ ಮೇಲೆ. ಸುಸ್ಥಿತಿ, ಸುಸ್ಥಿತಿ, ಸುಸ್ಥಿತಿ. ಗಾಜು ಘಟನೆಯ ಕ್ಷಣದಲ್ಲೇ ಒಡೆದಿದೆ, ಮುನ್ಸೂಚನೆ ಇರಲಿಲ್ಲ, ಹಠಾತ್ ಕುಸಿತ, ಸಿಬ್ಬಂದಿಯ ನಿರ್ಲಕ್ಷ್ಯ ಕಂಡುಬಂದಿಲ್ಲ ಅಂತ ಬರೆದ್ರು. ಇನ್ನೂ ಒಂದು ಸಾಲು ಸೇರಿಸಿದ್ರು: ಪ್ರತಿದಿನವೂ ಪರಿಶೀಲಿಸಿರುವುದು ಶ್ಲಾಘನೀಯ. ನನ್ನ ಪ್ರೊಬೇಷನ್ನು ಆ ಕಾಗದದ ಬಲದ ಮೇಲೇ ಮುಗೀತು. ಅಕ್ಕ ತನ್ನ ಮನೆ ಉಳಿಸ್ಕೊಳ್ಳೋಕೆ ಗಂಡನ ಫೋಟೋದಿಂದ ಕಿತ್ತ ಗಾಜು ನನ್ನ ಕೆಲಸ ಉಳಿಸಿತು, ಎಇ ಸಾರ್ ಪೆನ್ಷನ್ ಉಳಿಸಿತು, ಹೆಡ್ ಆಫೀಸಿನ ಮಾನ ಉಳಿಸಿತು. ತಾತನ ಕಡೆಯವರು ಅಂತ ಯಾರೂ ಬಂದು ಕೇಳ್ಲಿಲ್ಲ.

ಆಮೇಲೆ ಎಲ್ಲ ಫಟಾಫಟ್ ಆಯ್ತು. ಎರಡು ಸಲ ವಾಪಸ್ ಬಂದಿದ್ದ ಎಸ್ಟಿಮೇಟು ಹದಿನೈದು ದಿನದಲ್ಲಿ ಮಂಜೂರು. ಪೈಪು ತೆಗೆದ್ವಿ. ಬುನಾದಿ ಕೆಳಗೆ ಒಬ್ಬ ಮನುಷ್ಯ ಕೂರೋಷ್ಟು ದೊಡ್ಡ ಪೊಟರೆ. ಬ್ಲಾಕಿನ ಹಿಂಭಾಗ ಪೂರ್ತಿ ಕೆಡವಿ ಕಟ್ಟಿದ್ವಿ, ಮೇಲುಸ್ತುವಾರಿ ನನ್ನದೇ. ನನ್ನ ಸರ್ವಿಸಲ್ಲಿ ಅಷ್ಟು ಒಳ್ಳೇ ಕೆಲಸ ಇನ್ನೊಂದು ಆಗಿಲ್ಲ.

ಅಕ್ಕನಿಗೆ ಬನಶಂಕರಿ ಕಡೆ ಹೊಸ ಮನೆ ಸಿಕ್ತು. ಅವರ ಹೆಸರಿನ ಕಾರ್ಡು, ಅವರ ಹೆಸರಿನ ಬೀಗದ ಕೈ ಚೀಟಿ. ನಾನು ಸಾಮಾನು ಸಾಗಿಸೋ ದಿನ ಹೋಗ್ಲಿಲ್ಲ. ಮುಖ ತೋರಿಸೋಕಾಗ್ಲಿಲ್ಲ ಅಂತ ಹೇಳಬಹುದು, ಆದ್ರೆ ಹೇಳೋ ಅಷ್ಟು ದೊಡ್ಡ ಮಾತೇನಲ್ಲ. ಹೋಗ್ಲಿಲ್ಲ ಅಷ್ಟೇ.

ಒಂದು ವರ್ಷದ ಮೇಲೆ ಆ ಕಾಲೋನೀನೂ ನನಗೇ ಬಂತು. ಆ ಅಪಘಾತ ಆದ್ಮೇಲೆ ನಮ್ಮ ಆಫೀಸಿಗೆ ಗಾಜಿನ ಹುಚ್ಚು ಹತ್ತಿತ್ತು. ಕೂದಲೆಳೆ ಬಿರುಕು ಕಂಡ್ರೂ ಗಾಜು, ಸುಣ್ಣದ ಗೆರೆ ಕಂಡ್ರೂ ಗಾಜು. ಕಂಪ್ಲೇಂಟ್ ಪುಸ್ತಕದಲ್ಲಿ ಅಕ್ಕನ ಮನೆ ನಂಬರ್ ಕಂಡಿತು, ಅಡುಗೆಮನೆ ಗೋಡೆ ಬಿರುಕು ಅಂತ. ಹೋದೆ. ಎರಡು ವರ್ಷದ ಕಟ್ಟಡ, ಗಾರೆ ಒಣಗಿದಾಗ ಬರೋ ಸಣ್ಣ ಬಿರುಕು, ನೂರು ಮನೇಲಿ ಇರುತ್ತೆ. ಆದ್ರೂ ಗಾಜು ಅಂಟಿಸಿ ತಾರೀಖು ಗೀಚಿ ಬಂದೆ. ಅಕ್ಕ ಬತ್ತಿ ಹೊಸೀತಾ ಇದ್ರು. ಒಡೆದ್ರೆ ಏನಾಗುತ್ತೆ ಅಂತ ಈ ಸಲ ಕೇಳ್ಲಿಲ್ಲ.

ನಾಲ್ಕನೇ ದಿನಕ್ಕೆ ಮಗಳ ಕೈಲಿ ಹೇಳಿ ಕಳಿಸಿದ್ರು. ಗಾಜು ಒಡೆದಿದೆ, ಬಂದು ನೋಡ್ಬೇಕಂತೆ.

ಹೋದೆ. ಗೋಡೆ ಮೇಲೆ ಗಂಡನ ಫೋಟೋ, ಈಗಲೂ ಗಾಜಿಲ್ಲ. ಅದರ ಪಕ್ಕದಲ್ಲಿ ಒಂದು ಹಳೇ ಕ್ಯಾಲೆಂಡರಿನ ಲಕ್ಷ್ಮಿ, ಅಂಚೆಲ್ಲ ಹರಿದು, ಒಂದು ಮೂಲೇಲಿ ಗಾರೆ ಮೆತ್ತಿದ್ದು. ಅಡುಗೆಮನೆಗೆ ಹೋಗಿ ಪಟ್ಟಿ ನೋಡಿದೆ. ನಟ್ಟನಡುವೆ ಪೆಟ್ಟು ಬಿದ್ದು ನಕ್ಷತ್ರದ ಥರ ಸೀಳಿತ್ತು. ಕೆಳಗೆ ಕಟ್ಟೆ ಮೇಲೆ ಗಾಜಿನ ಪುಡಿ ಹಾಗೇ ಇತ್ತು, ಗುಡಿಸೋ ಗೋಜಿಗೂ ಹೋಗಿರ್ಲಿಲ್ಲ. ಪಕ್ಕದಲ್ಲೇ ಗುಂಡುಕಲ್ಲು.

"ಒಡೆದಿದೆ ಸಾರ್," ಅಂದ್ರು ಅಕ್ಕ. "ಮೇಲಿನ ಮನೇಲಿ ಒಬ್ಬ ಬಾಣಂತಿ ಇದ್ದಾಳೆ. ಬರ್ಕೊಳಿ."

ಪುಸ್ತಕ ತೆಗೆದೆ. ಕಲ್ಲಿನ ಕಡೆ ನೋಡ್ಲಿಲ್ಲ. ಗಾಜು ಒಡೆದಿದೆ ಅಂತ ಬರೆದು, ತಾರೀಖು ಹಾಕಿದೆ, ಆ ದಿನದ್ದೇ ತಾರೀಖು. ಸಹಿ ಮಾಡಿ ಮುಗಿಸೋ ತನಕ ಅವರು ನನ್ನ ಕೈನೇ ನೋಡ್ತಾ ನಿಂತಿದ್ರು.